ಇಂಬಳ ಕಚ್ಚಿದ ಗುರುತು

ಪೂರ್ಣೇಶ,

ನಿನ್ನೆ ಕೊಪ್ಪದ ಪ್ರದರ್ಶನದಲ್ಲಿ ನಾನು ಬಣ್ಣ ಹಚ್ಚಿದ ನಲವತ್ತು ಕೆಳದಿ ಸೈನಿಕರ ಗೊಂಬೆಗಳನ್ನು ಇಟ್ಟಿದ್ದೆ. ಒಬ್ಬೊಬ್ಬನೂ ಹೆಬ್ಬೆರಳಿನಷ್ಟೇ ಎತ್ತರ. ಎಲ್ಲರ ಕಣಕಾಲಿನ ಮೇಲೂ ಕೂದಲೆಳೆಯಷ್ಟು ಕೆಂಪು ಎಳೆದಿದ್ದೆ.

ಅದನ್ನು ಮೊದಲು ಎಳೆದವನು ನೀನು. ಬ್ರಷ್ ಜಾರಿದೆ ಎಂದುಕೊಂಡು, ನಿನ್ನನ್ನು ಕೇಳದೆ, ನಾನು ಅದನ್ನು ಥಿನ್ನರಿನಲ್ಲಿ ಒರೆಸಿ ನಿನ್ನ ಸೈನಿಕನನ್ನು ಸ್ಪರ್ಧೆಗೆ ಕಳಿಸಿಬಿಟ್ಟೆ. "ಘಟ್ಟ ಹತ್ತಿ ಬಂದೋನ ಕಾಲಿಗೆ ಇಂಬಳ ಕಚ್ಚಿ ರಕ್ತ ಹೀರ್ದೆ ಬಿಡುತ್ತೇನೋ ಮಾರಾಯ?" ಎಂದು ನೀನು ಕೇಳಿದೆ, ಅಷ್ಟೇ. ಆಮೇಲೆ ನಮ್ಮ ಮನೆಗೆ ನೀನು ಬ್ರಷ್ ತರಲಿಲ್ಲ. ಪುಸ್ತಕದ ಚಿತ್ರದಲ್ಲಿ ಹಾಗಿಲ್ಲವೆಂದು ನಾನೂ ಬಿಗಿದುಕೊಂಡೇ ಇದ್ದೆ, ಹೋದ ವರ್ಷ ನಿನ್ನ ತಿಥಿಗೆ ಬರುವವರೆಗೆ.

ನಿನ್ನೆ ನಮ್ಮ ತೋಟದ ಕೆಲಸದ ಸುಬ್ಬಿ ಬಗ್ಗಿ ನೋಡಿದಳು. ತನ್ನ ಕಾಲನ್ನೂ ಒಮ್ಮೆ ನೋಡಿಕೊಂಡು ನಕ್ಕಳು. "ಇವ್ರು ನಮ್ ಕಾಡಲ್ಲೇ ನಡ್ದು ಬಂದೋರು ಗೌಡ್ರೇ."

ತೀರ್ಪುಗಾರರು ಕೈ ಕುಲುಕಿದರು. "ಈ ಕಾಲು ನೋಡಿದ್ರೆ ಸಾಕು, ನಿಮ್ಮ ಕೆಲಸ ಅಂತ ಗೊತ್ತಾಗುತ್ತೆ. ನಿಮ್ಮದೇ ಒಂದು ಶೈಲಿ ಸಿಕ್ಕಿದೆ" ಎಂದರು.

ನಿನ್ನ ಹೆಸರು ಬಾಯಿವರೆಗೂ ಬಂದಿತ್ತು ಪೂರ್ಣೇಶ.

"ಥ್ಯಾಂಕ್ಸ್ ಸರ್" ಎಂದೆ.