ಏಳನೆಯ ಬಾಗಿಲಿನ ಗ್ರಿಸೆಲ್ಡ

ವಾಲ್ಪರೈಸೊ
ಫೆಬ್ರವರಿ 25, 1993, ಗುರುವಾರ

ಹೇಗಿದ್ದೀಯೆ, ಹರ್ಮಿನಿಯಾ? ಭಾವ ಫಿದೆಲಿಯೊ ಅವರ ಮಂಡಿನೋವು ಇಳಿಯಿತೆ? ರೊಸಾಲ್ಬಳ ಕೆಮ್ಮು? ಮುದಿ ನಾಯಿ ಕಾನೆಲೊ ಇನ್ನೂ ಅಂಚೆಯವನನ್ನು ಅಟ್ಟಿಸಿಕೊಂಡು ಹೋಗುತ್ತದೆಯೆ? ನಾನು ಚೆನ್ನಾಗಿದ್ದೇನೆ. ಬೆನ್ನು ಮಾತ್ರ... ಬಿಡು. ಎಂದಿನಂತೆ ಆಗಾಗ ಇಷ್ಟಿಷ್ಟು ಬರೆದಿಡುತ್ತೇನೆ. ಹಾಳೆ ತುಂಬಿದ ಮೇಲೆ ಅಂಚೆಗೆ.

ತಂಗಿ, ನನ್ನ ಕೆಲಸವೇನೆಂದು ನೀನು ಕೇಳಿದ್ದೆ. ವಿಶ್ವವಿದ್ಯಾಲಯಕ್ಕೆಲ್ಲ ಒಂದೇ ದೊಡ್ಡ ಕಂಪ್ಯೂಟರ್, ಅದನ್ನು ನೋಡಿಕೊಳ್ಳುವವನು ನಾನು. ಅದರಿಂದ ಕೋಣೆಕೋಣೆಗೆ ತಂತಿ. ತಂತಿಯ ತುದಿಗೊಂದು ಪರದೆ, ಕೀಲಿಮಣೆ – ಟರ್ಮಿನಲ್. ಯಂತ್ರ ಎದ್ದೊಡನೆ ಅದರೊಳಗೆ ಮೊದಲು ಹುಟ್ಟುವ ಪ್ರೋಗ್ರಾಮಿನ ಹೆಸರೇ ನಂಬರ್ ಒಂದು. ಉಳಿದವೆಲ್ಲ ಅದರ ಸಂತಾನ. ಪ್ರತಿ ತಂತಿಯ ಬಾಗಿಲಿಗೂ ಅದು ಒಬ್ಬ ಕಾವಲುಗಾರನನ್ನು ನಿಲ್ಲಿಸುತ್ತದೆ. ಅವನು ಹೆಸರು ಕೇಳುತ್ತಾನೆ, ಗುಟ್ಟಿನ ಪದ ಕೇಳುತ್ತಾನೆ. ಎರಡೂ ಸರಿಯಿದ್ದರೆ ಒಳಗೆ ಬಿಟ್ಟು ತಾನು ಕರಗಿಹೋಗುತ್ತಾನೆ. ಬಂದವರು ಹೊರಟರೆಂದು ತಿಳಿದ ಕ್ಷಣ ನಂಬರ್ ಒಂದು ಅಲ್ಲಿಗೆ ಹೊಸ ಕಾವಲುಗಾರನನ್ನು ಹುಟ್ಟಿಸುತ್ತದೆ. ಹೆತ್ತವರು ಸತ್ತ ಅನಾಥ ಪ್ರೋಗ್ರಾಮುಗಳನ್ನೂ ತಾನೇ ಮಡಿಲಿಗೆ ಹಾಕಿಕೊಳ್ಳುತ್ತದೆ. ಅದು ಸತ್ತರೆ ಯಂತ್ರವೇ ಸತ್ತಂತೆ.

ಇದೆಲ್ಲ ಪುಸ್ತಕ ನೋಡಿ ಕಲಿತದ್ದು. ಹಿಂದೆ ಊರಿನವರನ್ನು ಗುಡ್ಡ ಹತ್ತಿಸುವ ಲಿಫ್ಟಿನ ಬಾಗಿಲು ಕಾದವನಲ್ಲವೆ, ಬೇಗ ತಲೆಗೆ ಹತ್ತಿತು.

ಮಾರ್ಚ್ 8, ಸೋಮವಾರ

ತರಗತಿ ಶುರು. ಒಳಗೆ ಯಾರು ಯಾರಿದ್ದಾರೆ ಎಂದು ಬೆಳಿಗ್ಗೆ ಯಂತ್ರವನ್ನು ಕೇಳಿದೆ. ಏಳನೆಯ ಬಾಗಿಲು – ಗ್ರಿಸೆಲ್ಡ.

ಅವಳ ವಿಷಯ ನಿನಗೆ ಬರೆದಿದ್ದೆ. ಪಕ್ಕದ ಕೋಣೆಯವಳು. ಜನವರಿಯ ಒಂದು ಸಂಜೆ, "ಚಹಾಕ್ಕೆ ಬ್ರೆಡ್ ತರ್ತೀನಿ" ಎಂದು ಕೆಲಸದ ನಡುವೆ ಎದ್ದು ಹೋದಳು. ಬೇಕರಿಯ ಮುಂದೆ ಬಸ್ಸು... ಈಗ ಆ ರಸ್ತೆಯಂಚಿನಲ್ಲಿ ಅವಳ ಅನಿಮಿತಾ ಇದೆ. ಪುಟ್ಟ ತಗಡಿನ ಮನೆ, ಒಳಗೆ ಮೇಣದಬತ್ತಿ. ಹಠಾತ್ತನೆ ಸತ್ತವರ ಜೀವ ಬಿದ್ದ ಜಾಗದಲ್ಲೇ ಕಾಯುತ್ತದೆ ಎಂದು ಅಮ್ಮ ಹೇಳುತ್ತಿದ್ದಳಲ್ಲ.

ಎಂಜಿನಿಯರ್ ಇಬಾನ್ಯೆಸ್‌ಗೆ ತೋರಿಸಿದೆ. ನಕ್ಕ.

"ದೆವ್ವ ಅಲ್ಲ ಕಣ್ರೀ ದೋನ್ ಅನ್ಸೆಲ್ಮೊ, ನಮ್ಮ ಜಿಪುಣತನ! ತಾಮ್ರ ಉಳಿಸೋಕೆ ತಂತೀಲಿ ಮೂರೇ ಎಳೆ ಬೆಸುಗೆ ಹಾಕಿದ್ವಿ. 'ಟರ್ಮಿನಲ್ ಹೋಯ್ತು' ಅಂತ ಯಂತ್ರಕ್ಕೆ ಹೇಳೋ ಎಳೇನೇ ಇಲ್ಲ."

ನಿಜ. ಅವಳ ಟರ್ಮಿನಲನ್ನು ಕಿತ್ತು ಗ್ರಂಥಾಲಯಕ್ಕೆ ಒಯ್ದಿದ್ದಾರೆ. ಕೋಣೆ ಈಗ ಹಳೆ ಕುರ್ಚಿಗಳ ಉಗ್ರಾಣ. ಯಂತ್ರಕ್ಕೆ ಸುದ್ದಿ ಮುಟ್ಟಿಲ್ಲ. ನಂಬರ್ ಒಂದರ ಪಾಲಿಗೆ ಅವಳು ಇನ್ನೂ ಕುಳಿತೇ ಇದ್ದಾಳೆ.

"ಶುಕ್ರವಾರ ಹೊಸ ಡಿಸ್ಕ್ ಹಾಕೋಕೆ ಯಂತ್ರಾನೇ ಆರಿಸ್ತೀವಿ. ಆಗ ಹೋಗ್ತಾಳೆ ಬಿಡಿ."

ಮಾರ್ಚ್ 10, ಬುಧವಾರ

ಕೊನೆಯ ಬಾರಿ ಕೀ ಒತ್ತಿ ಎಷ್ಟು ಹೊತ್ತಾಯಿತೆಂದು ಪ್ರತಿ ಹೆಸರಿನ ಪಕ್ಕದಲ್ಲೂ ಬರುತ್ತದೆ. ಗ್ರಿಸೆಲ್ಡಳ ಪಕ್ಕ ಆ ಲೆಕ್ಕ ಜನವರಿಯಿಂದಲೂ ಬೆಳೆಯುತ್ತಲೇ ಇರಬೇಕಿತ್ತು. ಇಂದು ನೋಡಿದರೆ – ಈಗಷ್ಟೇ ಒತ್ತಿದ್ದು.

ಉಗ್ರಾಣದ ಬೀಗ ತೆಗೆಸಿದೆ. ಗೋಡೆಯಿಂದ ತಂತಿಯ ತುದಿ ಜೋತಾಡುತ್ತಿತ್ತು. ನೆಲದ ಧೂಳಿನ ಮೇಲೆ ಒಂದು ಹೆಜ್ಜೆಯೂ ಇಲ್ಲ.

"ತುದಿ ಬಿಚ್ಚಿದ ತಂತಿ," ಎಂದ ಇಬಾನ್ಯೆಸ್. "ಲಿಫ್ಟ್ ಮೋಟಾರು ತಿರುಗಿದ್ರೆ ಸಾಕು, ಅದ್ರಲ್ಲಿ ಏನೇನೋ ಅಕ್ಷರ ಹುಟ್ತವೆ."

ಒಪ್ಪಿದೆ. ಇಳಿದು ಬರುವಾಗ ನೋಡಿದರೆ ಲಿಫ್ಟಿಗೆ 'ಕೆಟ್ಟಿದೆ' ಹಲಗೆ. ಸೋಮವಾರದಿಂದಲೂ ಕೆಟ್ಟಿದೆಯಂತೆ.

ಅನಿಮಿತಾದ ಬಳಿ ಗ್ರಿಸೆಲ್ಡಳ ತಾಯಿ ದೋನ್ಯಾ ಒರ್ತೆನ್ಸಿಯ ಬತ್ತಿ ಬದಲಿಸುತ್ತಿದ್ದರು. ಹೇಳಬಾರದಿತ್ತು. ಶುಕ್ರವಾರದ್ದೂ ಸೇರಿ ಎಲ್ಲ ಹೇಳಿಬಿಟ್ಟೆ.

"ನಂಗೊತ್ತಿತ್ತು. ಚಹಾ ಹೊತ್ತಿಗೆ ದಿನಾ ನಮ್ಮನೆ ಮೆಟ್ಲ ಮೇಲೆ ಹೆಜ್ಜೆ ಕೇಳುತ್ತೆ. ಬಾಗ್ಲವರೆಗೂ ಬರುತ್ತೆ, ಒಳಗೆ ಬರಲ್ಲ. ಶುಕ್ರವಾರ ಏನ್ಮಾಡ್ತೀರಿ? ಕರೆಂಟು ಕಿತ್ತು ಕೊಲ್ತೀರಾ?"

"ಅಯ್ಯೋ, ಹಾಗಲ್ಲ ದೋನ್ಯಾ..."

"ಬಸ್ಸು ಒಂದ್ಸಲ ಹಂಗೆ ಮಾಡ್ತು. ಎರಡ್ನೇ ಸಲ ನೀವು ಮಾಡ್ಬೇಡಿ. ನನ್ನ ಮಗಳು ಹೇಳಿ ಹೋಗ್ಲಿ. ನೆಮ್ಮದಿಯಾಗಿ ಹೋಗ್ಲಿ."

ಮಾರ್ಚ್ 11, ಗುರುವಾರ, ಚಹಾ ಹೊತ್ತು

ದೋನ್ಯಾ ಉಗ್ರಾಣಕ್ಕೆ ಬಂದರು. ಕಪ್ಪು ಉಡುಪು, ಬಟ್ಟೆಯಲ್ಲಿ ಸುತ್ತಿದ ಬಿಸಿ ಬ್ರೆಡ್. ಗ್ರಂಥಾಲಯದಿಂದ ಟರ್ಮಿನಲನ್ನು ಇಬಾನ್ಯೆಸ್ ತಾನೇ ಹೊತ್ತು ತಂದ.

"ನಮ್ಮಜ್ಜಿಗೆ ಗೊತ್ತಾದ್ರೆ ಮುತ್ತು ಕೊಡ್ತಾಳೆ, ಡೀನ್‌ಗೆ ಗೊತ್ತಾದ್ರೆ ಒದ್ದು ಓಡಿಸ್ತಾನೆ," ಎಂದ. ಆದರೂ ತಂತಿ ಸಿಕ್ಕಿಸಿದ.

ಒಂದು ಕೀ ಒತ್ತಿದೆ. ಅವಳು ಎದ್ದು ಹೋದ ಸಾಲು ಹಾಗೆಯೇ ಬಂದಿತು. ಅವಳ ಹೆಸರು, ಮುಂದಿನ ಮಾತಿಗಾಗಿ ಮಿಣುಕುವ ಗುರುತು.

ಎರಡು ಕೀಗಳನ್ನು ತೋರಿಸಿದೆ. ಒಟ್ಟಿಗೆ ಒತ್ತಿದರೆ 'ಹೊರಟೆ' ಎಂದಂತೆ.

"ನಂಗೆ ಬರಲ್ಲ. ನೀವೇ ಒತ್ತಿ."

"ಬೇಡ ದೋನ್ಯಾ. ನೀವು ಕಳಿಸಿದ್ರೇ ಚೆಂದ."

"ಹೋಗು ಮಗಳೇ," ಎಂದರು. "ಬ್ರೆಡ್ಡು ನಾನೇ ತಂದಿದೀನಿ." ಒತ್ತಿದರು.

ಪರದೆ ಕಪ್ಪಾಯಿತು. ನಂಬರ್ ಒಂದಕ್ಕೆ ಕೊನೆಗೂ ಸುದ್ದಿ ಮುಟ್ಟಿತು. ಹೊಸ ಕಾವಲುಗಾರ ಬಂದು ಹೆಸರು ಕೇಳಿದ. ಏಳನೆಯ ಬಾಗಿಲು ಖಾಲಿ. ದೋನ್ಯಾ ಅತ್ತರು, ಬ್ರೆಡ್ ಮುರಿದು ನಮಗೂ ಕೊಟ್ಟರು. ವಾಪಸು ಒಯ್ಯಲೆಂದು ಇಬಾನ್ಯೆಸ್ ಮೊದಲು ಕೀಲಿಮಣೆಯ ವೈರನ್ನು ಕಿತ್ತು ಸುತ್ತಿಟ್ಟ.

ಆಗ ಪರದೆಯ ಮೇಲೆ ಅಕ್ಷರ ಬಂದವು. ಒಂದೊಂದಾಗಿ, ನಿಧಾನವಾಗಿ. ಜಿ. ಆರ್. ಐ... ಹೆಸರು ಪೂರ್ತಿಯಾಯಿತು. ಕಾವಲುಗಾರ ಮುಂದಿನದನ್ನು ಕೇಳಿದ.

"ಈಗ ಏನ್ ಕೇಳ್ತಿದಾನೆ?" ಎಂದರು ದೋನ್ಯಾ.

"ಗುಟ್ಟಿನ ಪದ."

"ಅದು ಅವಳಿಗೆ ಗೊತ್ತಲ್ವಾ."

ಇಬಾನ್ಯೆಸ್ ಕಿತ್ತ ವೈರಿನ ತುದಿ ಹಿಡಿದು ನಿಂತಿದ್ದಾನೆ. ನನ್ನ ಕೈಯಲ್ಲೂ ಏನಾದರೂ ಇರಲೆಂದು, ಹರ್ಮಿನಿಯಾ, ಇಲ್ಲೇ ಹಳೆ ಕುರ್ಚಿಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಗುಟ್ಟಿನ ಪದ ಪರದೆಯಲ್ಲಿ ಮೂಡುವುದಿಲ್ಲ, ಅದು ನಿಯಮ. ಒತ್ತುತ್ತಿದ್ದರೂ ನಮಗೆ ಕಾಣದು. ಖಾಲಿ ಸಾಲನ್ನು ಮೂವರೂ ನೋಡುತ್ತಿದ್ದೇವೆ. ನೀನು ಬೇಗ ಬರೆ. ಎರಡೇ ಸಾಲಾದರೂ ಸರಿ, ನಿನ್ನ ಕೈಬರಹ ಕಂಡರೆ ಸಾಕು. ಈ ವಾರವೇ ಬರೆ, ಬೇಗ – ಪರದೆಯಲ್ಲಿ ಮತ್ತೆ ಅವಳ ಸಾಲು