ಕೌನ್ಸಿಲಿನಲ್ಲಿ ದಾಖಲಾದ ನಿಂಬೆಹಣ್ಣು

ಅಡಿಲೇಡ್
೧೭ ಜುಲೈ ೨೦೧೩, ಬುಧವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಮ್ಮ ಎಣ್ಣೆ ಹಚ್ಚಲು ಬಂದರೆ ಜಗಳಕ್ಕೆ ನಿಲ್ಲುತ್ತೀರಂತೆ, ಅಭಿಷೇಕ ಹೇಳಿದ. ಅಮ್ಮನ ಮೇಲಿನ ಕೋಪವನ್ನು ಮಂಡಿಯ ಮೇಲೆ ತೀರಿಸಿಕೊಳ್ಳಬೇಡಿ. ನಾವು ಕ್ಷೇಮ. ನಿಮ್ಮ ಅಳಿಯ ಉತ್ತಮ್, ಕಂಪನಿ ಕೆಲಸದ ಮೇಲೆ ಪರ್ತ್‌ಗೆ ಹೋಗಿ ಎರಡು ವಾರವಾಯಿತು. ನಿಮ್ಮ ಮೊಮ್ಮಗಳು ನಿಸರ್ಗ ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಈಗ ಬರೆಯುವ ಸುದ್ದಿಯಲ್ಲಿ ನೀವೂ ಇದ್ದೀರಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನಮ್ಮ ಕೌನ್ಸಿಲ್, ಅಂದರೆ ಇಲ್ಲಿನ ಪುರಸಭೆ, ತನ್ನ ನಿಯಮಗಳನ್ನೇ ಬದಲಿಸಲು ಹೊರಟಿದೆ. ಇಷ್ಟು ವರ್ಷ ಗೆದ್ದ ಸದಸ್ಯರು ತಮ್ಮೊಳಗೇ ಒಬ್ಬರನ್ನು ಅಧ್ಯಕ್ಷರೆಂದು ಆರಿಸಿಕೊಳ್ಳುತ್ತಿದ್ದರು, ನೀವು ಸದಸ್ಯರಾಗಿದ್ದ ಕಾಲದಲ್ಲಿ ನಮ್ಮೂರಿನ ಪುರಸಭೆಯಲ್ಲಿದ್ದ ಹಾಗೇ. ಇನ್ನು ಮುಂದೆ ಜನರೇ ನೇರವಾಗಿ ಆರಿಸಬೇಕೇ ಎಂದು ಮನೆಮನೆಗೆ ಕಾಗದ ಕಳಿಸಿ ಕೇಳಿದರು. ಜನರೇ ಆರಿಸಲಿ ಎಂದು ಒಂದು ಪುಟ ಬರೆದು ಹಾಕಿ ಮರೆತಿದ್ದೆ. ಸೋಮವಾರ ಸಂಜೆ ಬಂದು ಮಾತಾಡಿ ಎಂದು ಉತ್ತರ ಬಂತು. ಅಪ್ಪಾ, ನಾನು ಈ ದೇಶದ ಪ್ರಜೆಯೂ ಅಲ್ಲ, ಬಾಡಿಗೆ ಮನೆಯವಳು. ಇಲ್ಲಿ ಒಂದು ತಿಂಗಳು ವಾಸವಿದ್ದು ಹೆಸರು ಬರೆಸಿದರೆ ಕೌನ್ಸಿಲ್ ಚುನಾವಣೆಗೆ ಓಟೂ ಇದೆಯಂತೆ. ಆ ಕಾಗದವನ್ನು ನಾಲ್ಕು ಸಲ ಓದಿಕೊಂಡೆ.

ಪಕ್ಕದ ಬೀದಿಯ ರಮಾಕಾಂತ್ ಅಂಕಲ್ ಮೈಸೂರಿನವರು. ‘ಸರ್ಕಾರಿ ಆಫೀಸಿಗೆ ಒಬ್ಳೇ ಹೋಗ್ಬಾರ್ದಮ್ಮ, ನಾನೂ ಬರ್ತೀನಿ’ ಎಂದು ಕೋಟು ಹಾಕಿಕೊಂಡು ಹೊರಟೇಬಿಟ್ಟರು. ದೊಡ್ಡವರನ್ನು ಬರಿಗೈಯಲ್ಲಿ ನೋಡಬಾರದೆಂದು ತಮ್ಮ ಹಿತ್ತಲಿನ ನಿಂಬೆಹಣ್ಣು ಕಿತ್ತು ನನ್ನ ಕೈಗೆ ಕೊಟ್ಟವರೂ ಅವರೇ. ಎಷ್ಟು ಹೊತ್ತು ಕಾಯಿಸುತ್ತಾರೋ ಎಂದು ಚಿತ್ರಾನ್ನದ ಡಬ್ಬಿಯನ್ನೂ ಒಯ್ದಿದ್ದೆವು. ಆರೂವರೆಗೆ ಎಂದವರು ಆರೂವರೆಗೇ ಕರೆದರು. ಅಧ್ಯಕ್ಷೆ ತಾವೇ ಎದ್ದು ಬಂದು, ನನ್ನ ಹೆಸರನ್ನು ಎರಡು ಸಲ ಕೇಳಿ ಉಚ್ಚಾರ ತಿದ್ದಿಕೊಂಡರು. ನಾನು ಅಭ್ಯಾಸಬಲದಿಂದ ನಿಂಬೆಹಣ್ಣು ಅವರ ಕೈಗಿಟ್ಟು ಕೈಮುಗಿದೆ. ಅವರು ನಕ್ಕು ತೆಗೆದುಕೊಂಡು, ಗುಮಾಸ್ತೆಯನ್ನು ಕರೆದರು. ಆಕೆ ಉಡುಗೊರೆಗಳ ಪುಸ್ತಕ ತೆರೆದು, ನಿಂಬೆಹಣ್ಣು, ಒಂದು, ಕೊಟ್ಟವರು ಗೌತಮಿ ಎಂದು ಬರೆದುಕೊಂಡಳು. ತಮಾಷೆಗಲ್ಲ. ತೀರ್ಮಾನವಾಗಬೇಕಾದ ವಿಷಯ ಮುಂದಿರುವಾಗ ಏನೇ ಬಂದರೂ ಈ ಕೌನ್ಸಿಲಿನಲ್ಲಿ ಬರೆದಿಡುತ್ತಾರಂತೆ.

ಹನ್ನೊಂದು ಜನ ಸದಸ್ಯರು ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿದರು. ನನ್ನ ಒಂದು ಪುಟ ಎಲ್ಲರ ಮುಂದೆಯೂ ಇತ್ತು, ಸಾಲುಗಳ ಕೆಳಗೆ ಪೆನ್ಸಿಲ್ಲಿನ ಗೆರೆಗಳಿದ್ದವು. ಬಿಳಿಗಡ್ಡದ ಸದಸ್ಯರೊಬ್ಬರು, ಸದಸ್ಯರೇ ಆರಿಸಿಕೊಂಡರೆ ತಪ್ಪೇನು ಎಂದು ಸೌಮ್ಯವಾಗಿಯೇ ಕೇಳಿದರು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ ಊಟಿಯ ಕಥೆ ಹೇಳಿಬಿಟ್ಟೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಅಧ್ಯಕ್ಷರ ಆಯ್ಕೆಗೆ ಮುಂಚೆ ನಿಮ್ಮನ್ನೂ ಇನ್ನೆಂಟು ಸದಸ್ಯರನ್ನೂ ವ್ಯಾನಿನಲ್ಲಿ ಊಟಿಗೆ ಒಯ್ದು ಮೂರು ದಿನ ಇಟ್ಟುಕೊಂಡದ್ದು, ನೀವು ನೇರ ಪುರಸಭೆಯ ಮುಂದೆ ಬಂದಿಳಿದು ಕರೆದೊಯ್ದವನಿಗೇ ಕೈ ಎತ್ತಿದ್ದು, ನಿಮ್ಮನ್ನು ಗೆಲ್ಲಿಸಿದ್ದ ನೇಕಾರರ ಬೀದಿಗೆ ಆಮೇಲೆ ನಲ್ಲಿ ಬರದೇ ಹೋದದ್ದು. ಅಲ್ಲಿಂದ ನೀವು ತಂದ ವರ್ಕಿ ಬಿಸ್ಕತ್ತನ್ನು ನಾನೂ ಅಭಿಷೇಕನೂ ಕಿತ್ತಾಡಿಕೊಂಡು ತಿಂದೆವು, ಅಮ್ಮ ಮುಟ್ಟಲಿಲ್ಲ ಎಂದೂ ಹೇಳಿದೆ. ಅದನ್ನು ಯಾವ ಪುಸ್ತಕದಲ್ಲೂ ಬರೆದಿಡಲಿಲ್ಲ ಎಂದೆ. ಯಾರೂ ನಗಲಿಲ್ಲ. ಗಡ್ಡದವರು ನನ್ನ ಪುಟವನ್ನು ಮತ್ತೆ ಕೈಗೆತ್ತಿಕೊಂಡು, ತಾವು ಹಳೆಯ ಪದ್ಧತಿಯೇ ಇರಲಿ ಎಂದುಕೊಂಡು ಬಂದದ್ದಾಗಿಯೂ ಈಗ ಇನ್ನೊಮ್ಮೆ ಯೋಚಿಸುವುದಾಗಿ ಹೇಳಿದರು. ಬಾಡಿಗೆ ಮನೆಯವಳೊಬ್ಬಳ ಮಾತಿಗೆ ಒಂದು ಊರು ನಿಂತು ಯೋಚಿಸುತ್ತದೆ ಎಂಬುದನ್ನು ಕಣ್ಣಾರೆ ಕಂಡರೂ ನಂಬಲಾಗುತ್ತಿಲ್ಲ. ಚಿತ್ರಾನ್ನವನ್ನು ಕಾರಿನಲ್ಲೇ ಕೂತು ತಿಂದೆವು.

ಅಮ್ಮನಿಗೆ ನಮಸ್ಕಾರ. ಅಭಿಷೇಕನಿಗೆ ಒಂದು ಗುದ್ದು. ನಿಮ್ಮ ಆಶೀರ್ವಾದ ಯಾವತ್ತಿಗಿಂತ ಈಗ ಹೆಚ್ಚು ಬೇಕಾಗಿರುವ,

ನಿಮ್ಮ ಮಗಳು
ಗೌತಮಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅಲ್ಲಿ ನಿಮ್ಮ ಹೆಸರನ್ನೂ ಹೇಳಿಬಿಟ್ಟೆ. ಸಭೆಯ ನಡಾವಳಿಯಲ್ಲಿ ಅದು ಬರುತ್ತದೆ, ಯಾರು ಬೇಕಾದರೂ ಇಂಟರ್‌ನೆಟ್ಟಿನಲ್ಲಿ ಓದಬಹುದು. ಇವತ್ತು ಗುಮಾಸ್ತೆ ಫೋನು ಮಾಡಿ, ತಂದೆಯವರ ಹೆಸರು ಇರಬೇಕೋ ತೆಗೆಯಬೇಕೋ ಅವರನ್ನೇ ಕೇಳಿ ತಿಳಿಸಿ, ಆಗಸ್ಟ್ ಹನ್ನೆರಡರ ಸಭೆಯವರೆಗೆ ಕಾಯುತ್ತೇವೆ ಎಂದಳು. ಊಟಿಯ ವಿಷಯ ಇಷ್ಟು ವರ್ಷ ನಿಮ್ಮನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಫೋನಿನಲ್ಲಿ ಕೇಳುವ ಧೈರ್ಯ ಈಗಲೂ ಇಲ್ಲ, ಅದಕ್ಕೇ ಈ ಕಾಗದ. ನಡಾವಳಿಯಲ್ಲಿ ನಂಜುಂಡಪ್ಪ ಎಂಬ ಹೆಸರು ಇರಲಾ ಅಪ್ಪಾ?