ಆರು ಕಿಲೋಮೀಟರಿನ ಊರು, ನಡುವೆ ನೀರು

ಮಾನ್ಯ ವಸತಿ ಹಂಚಿಕೆ ಅಧಿಕಾರಿಗಳೇ,

ವರ್ಗಾವಣೆಯಾಗಿ ಬರುವ ನೌಕರರಿಗೆಂದು ನೀವು ಅಚ್ಚು ಹಾಕಿಸಿರುವ ಪುಸ್ತಕದ ಹನ್ನೊಂದನೇ ಪುಟದಲ್ಲಿ ಕಡಲ ದಂಡೆಯ ಒಂದು ಊರಿದೆ. ‘ಜಿಲ್ಲಾ ಕೇಂದ್ರದಿಂದ ಕೇವಲ ಆರು ಕಿ.ಮೀ., ನಿತ್ಯ ಓಡಾಟಕ್ಕೆ ಅನುಕೂಲ, ಕುಟುಂಬ ವಾಸಕ್ಕೆ ಅತ್ಯುತ್ತಮ, ಮನೋಹರ ಸೂರ್ಯಾಸ್ತ’ ಎಂದು ಬರೆದಿದ್ದೀರಿ. ನಿಮ್ಮ ಮಾತು ನಂಬಿ ನಾವು ಆ ಊರನ್ನೇ ಬೇಡಿದೆವು, ನೀವು ಅಲ್ಲೇ ಮನೆ ಕೊಟ್ಟಿರಿ. ಸೂರ್ಯಾಸ್ತದ ಬಗ್ಗೆ ನನ್ನ ತಕರಾರಿಲ್ಲ. ಅದು ನಿಮ್ಮ ಇಲಾಖೆಗೆ ಸೇರಿಲ್ಲವಾದ್ದರಿಂದ ಹೊತ್ತಿಗೆ ಸರಿಯಾಗಿ ಆಗುತ್ತದೆ. ಆದರೆ ಆ ಆರು ಕಿಲೋಮೀಟರಿನ ನಡುವೆ ಒಂದು ದೊಡ್ಡ ಹೊಳೆ ಸಮುದ್ರಕ್ಕೆ ಸೇರುತ್ತದೆ, ಅದರ ಮೇಲೆ ಸೇತುವೆ ಇಲ್ಲ. ಇಷ್ಟನ್ನು ಬರೆಯಲು ಪುಸ್ತಕದಲ್ಲಿ ಜಾಗ ಸಾಲಲಿಲ್ಲವೇ? ಸೂರ್ಯನ ಚಿತ್ರವನ್ನು ಒಂದಿಷ್ಟು ಸಣ್ಣದು ಮಾಡಿದ್ದರೆ ಹಿಡಿಸುತ್ತಿತ್ತು.

ನನ್ನ ಸೊಸೆ ಸುಮನ ಸರಕಾರಿ ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡುವವಳು. ಗೋಕಾಕದಿಂದ ನಿಮ್ಮ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ವರ್ಗವಾಗಿದೆ. ಜೂನ್ ಒಂದಕ್ಕೆ ಹಾಜರಾಗಬೇಕು. ಮಗ ಸುಶಾಂತ ಟೇಲರ್, ಮಷೀನು ಎಲ್ಲಿಟ್ಟರೂ ಹೊಲಿಯುತ್ತದೆ ಎಂದು ಹೆಂಡತಿಯ ಹಿಂದೆ ಹೊರಟಿದ್ದಾನೆ. ಮೊಮ್ಮಗಳು ಯಶೋಧರಾಗೆ ಮೂರು ವರ್ಷ. ಹಗಲೆಲ್ಲ ನನ್ನ ಕೂಡ ಇರುತ್ತಾಳೆ, ಕೊಟ್ಟದ್ದು ತಿನ್ನುತ್ತಾಳೆ. ಸಂಜೆಯ ಊಟ ಮಾತ್ರ ಅವ್ವ ಬಂದು ಕಲಸಿ ಬಾಯಿಗಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪ ಕುಣಿದರೂ ಅಷ್ಟೇ, ನಾನು ಬೈದರೂ ಅಷ್ಟೇ. ಆದ್ದರಿಂದ ನಾವು ಕಡಲ ದಂಡೆಯ ಮನೆ ಹುಡುಕಿದ್ದು ಗಾಳಿ ಕುಡಿಯಲಿಕ್ಕಲ್ಲ, ಸಂಜೆ ಏಳರೊಳಗೆ ಆ ತಾಯಿ ಮನೆ ಮುಟ್ಟಬೇಕು ಎಂದು.

ಮಮದಾಪುರದ ಮನೆಯ ಕಟ್ಟೆಯ ಮೇಲೆ ನಾಲ್ಕು ಸಂಜೆ ಕೂತು ನಿಮ್ಮ ಪುಸ್ತಕವನ್ನು ಓದಿಸಿ ಕೇಳಿದ್ದೇನೆ. ಐದು ಊರುಗಳು. ಒಂದರಲ್ಲಿ ಪ್ರವಾಸಿಗಳ ಹೋಟೆಲುಗಳೇ ತುಂಬಿವೆಯಂತೆ. ಇನ್ನೊಂದಕ್ಕೆ ರೈಲು ಇದೆ, ಅದು ನಿಲ್ಲುವುದಿಲ್ಲವಂತೆ. ಹೀಗೆ ಜರಡಿ ಹಿಡಿದು ಉಳಿದದ್ದು ಆರು ಕಿಲೋಮೀಟರಿನ ಊರು. ನಾವು ಘಟಪ್ರಭೆಯ ದಂಡೆಯ ಜನ. ಮಸಗುಪ್ಪಿಯ ಬೀಗರ ಮನೆ ಎಷ್ಟು ದೂರ ಎಂದು ಮಳೆಗಾಲದಲ್ಲಿ ಯಾರಾದರೂ ಕೇಳಿದರೆ, ಸೇತುವೆಯ ಮೇಲೆ ನೀರು ಬಂದಿದೆಯೇ ಎಂದು ತಿರುಗಿ ಕೇಳಿ ಆಮೇಲೆ ಉತ್ತರ ಹೇಳುತ್ತೇವೆ. ನೀರು ಬಂದರೆ ಎದುರಿನ ಊರು ಬೇರೆ ಜಿಲ್ಲೆಯಷ್ಟು ದೂರವಾಗುತ್ತದೆ ಎಂಬುದು ನಮ್ಮಲ್ಲಿ ಕೂಸಿಗೂ ಗೊತ್ತು. ಆ ರೂಢಿಯಂತೆ, ನಡುವೆ ಹೊಳೆ ಇದೆಯೇನೋ ನೋಡು ಎಂದು ಸುಶಾಂತನಿಗೆ ಹೇಳಿದೆ.

“ಸರಕಾರದ ಪುಸ್ತಕ ಐತಿ ಯವ್ವಾ,” ಅಂದ. “ಅಳತಿ ಮಾಡೇ ಹಾಕಿರ್ತಾರ.”

ಅವನ ಮಾತು ಸುಳ್ಳಾಗಲಿಲ್ಲ ನೋಡಿ. ಅಳತೆ ಮಾಡಿಯೇ ಹಾಕಿದ್ದೀರಿ.

ಮೇ ತಿಂಗಳ ಮೊದಲ ವಾರ, ಸಂಜೆ ಉಪವಾಸ ಮಲಗುತ್ತದೆ ಎಂದು ಗೊತ್ತಿದ್ದೇ ಮಗುವನ್ನು ನನ್ನ ತಂಗಿಯ ಹತ್ತಿರ ಬಿಟ್ಟು ಮೂವರೂ ಬಂದೆವು. ಸುಮನಳ ಕೆಲಸ ಮುಗಿಯುವುದು ಐದೂವರೆಗೆ. ಆಸ್ಪತ್ರೆಯ ಗೇಟಿನಲ್ಲಿ ಐದೂವರೆ ಆಗುವವರೆಗೆ ನಿಂತು, ಅವಳು ದಿನಾ ಹೇಗೆ ಹೊರಡುವಳೋ ಹಾಗೆ ಹೊರಟೆವು. ಆಟೋದವನು ಹೊಳೆಯ ದಡಕ್ಕೆ ತಂದು ಇಳಿಸಿದ. ಆರಕ್ಕೆ ಹತ್ತು ನಿಮಿಷವಿತ್ತು. ಟಿಕೀಟಿನವನು ಕಿಟಕಿಗೆ ಬೀಗ ಹಾಕುತ್ತಿದ್ದ. ಹೊಳೆ ದಾಟಿಸುವ ಕಡೆಯ ಬಾರ್ಜು ಐದೂಕಾಲಿಗೇ ಹೋಯಿತು ಎಂದ. ಜೂನ್ ಒಂದರಿಂದ ಹೇಗೆ ಎಂದು ಕೇಳಿದೆ.

“ಜೂನಿಂದ ಎಂತದೂ ಇಲ್ಲ ಅಮ್ಮ. ಮಳೆಗಾಲ ಮುಗಿಯುವವರೆಗೆ ಬಾರ್ಜ್ ಬಂದ್. ರಸ್ತೆ ಮೇಲೆ ಸುತ್ತಿ ಹೋಗ್ಬೇಕು, ನಲವತ್ಮೂರು ಕಿಲೋಮೀಟರ್.”

ಎರಡು ಬಸ್ಸು ಬದಲಿಸಬೇಕಂತೆ, ಎರಡನೆಯದು ತುಂಬಿದ ಮೇಲೆ ಬಿಡುತ್ತದಂತೆ. ಎದುರಿಗೆ ನಿಮ್ಮ ಅತ್ಯುತ್ತಮ ಊರು ಕಾಣುತ್ತಿತ್ತು. ಯಾರದೋ ಹಿತ್ತಲಲ್ಲಿ ಒಣಹಾಕಿದ ಸೀರೆಯ ಬಣ್ಣ ಹೇಳಬಹುದಿತ್ತು, ಅಷ್ಟು ಹತ್ತಿರ. ಸುಶಾಂತ ಪುಸ್ತಕ ತೆಗೆದು ಹನ್ನೊಂದನೇ ಪುಟವನ್ನು ಮತ್ತೆ ಓದುತ್ತಿದ್ದ, ಈ ಸಲ ಬೇರೆ ಏನಾದರೂ ಬರೆದಿರಬಹುದು ಎನ್ನುವವನ ಹಾಗೆ.

“ಅತ್ತಿ,” ಅಂದಳು ಸುಮನ, “ನಾ ಮನಿ ಮುಟ್ಟೂದ್ರಾಗ ಯಶು ಉಪಾಸ ಮಲಗಿರ್ತಾಳಲ್ರಿ.”

ಅಧಿಕಾರಿಗಳೇ, ಇದಕ್ಕೆ ನಿಮ್ಮ ಪುಸ್ತಕದ ಯಾವ ಪುಟದಲ್ಲಿ ಉತ್ತರವಿದೆ?

ಮರುದಿನ ನಿಮ್ಮ ಕಚೇರಿಗೆ ಬಂದೆವು. ನೀವು ಮೀಟಿಂಗಿನಲ್ಲಿದ್ದಿರಿ. ಬಾಗಿಲ ಸಂದಿಯಿಂದ ಆ ಮೀಟಿಂಗು ಕಾಣುತ್ತಿತ್ತು, ನೀವು ಒಬ್ಬರೇ ಇದ್ದಿರಿ. ನಿಮ್ಮ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. ನೀವೇ ಬೇಡಿದ ಊರಲ್ಲವೇ ಅಜ್ಜಿ ಎಂದರು. ಆರು ಎಂಬುದು ಎಲ್ಲಿಂದ ಬಂತು ಎಂದರೆ, ಸಾಹೇಬರು ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ಸ್ವತಃ ಅಳೆದದ್ದು ಎಂದರು.

“ಹಂಗಾದ್ರ ಆ ಪಟ್ಟಿ ಮ್ಯಾಲ ನಡದು ಆಚಿ ದಂಡಿಗಿ ಹೋಗಿ ತೋರಸಾಕ ಹೇಳ್ರಿ ನಿಮ್ಮ ಸಾಹೇಬ್ರಿಗೆ,” ಅಂದೆ. ಅವರಿಗೆ ನಗು ಬಂತು. ನಿಮ್ಮ ಬಾಗಿಲ ಕಡೆ ನೋಡಿ ನುಂಗಿಕೊಂಡರು.

ಈ ಮನೆ ಬೇಡವೆಂದರೆ ಎರಡು ವರ್ಷ ಹಂಚಿಕೆಯ ಪಟ್ಟಿಯಿಂದ ಹೊರಗೆ ಎಂಬುದು ನಿಮ್ಮ ನಿಯಮ. ಖಾಸಗಿ ಮನೆ ನೋಡಿಕೊಳ್ಳಿ ಎಂಬುದು ನಿಮ್ಮ ಉಪದೇಶ. ಅದನ್ನೂ ನೋಡಿದೆವು. ಈಚೆ ದಡದಲ್ಲಿ, ಆಸ್ಪತ್ರೆಗೆ ನಡೆದು ಹೋಗುವ ದೂರದಲ್ಲಿ, ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು. ಮಾಲೀಕರು ಚಹಾ ಕೊಟ್ಟರು, ನೀರು ಬರುವ ಹೊತ್ತು ಹೇಳಿದರು, ಮಗು ಎಷ್ಟು ದೊಡ್ಡದು ಎಂದು ಕೇಳಿದರು. ಆಮೇಲೆ ಅವರ ಕಣ್ಣು ಸುಶಾಂತನ ಮೊಬೈಲಿನ ಮೇಲೆ ಬಿತ್ತು. ಅದರ ಮೇಲೆ ಬಾಬಾಸಾಹೇಬರ ಫೋಟೋ ಇದೆ. ನೀವು ಯಾವ ಪೈಕಿ ಎಂದರು.

“ಬಾಡಿಗಿ ಕೊಡೂ ಪೈಕಿ,” ಅಂದೆ ನಾನು.

ಮನೆಯನ್ನು ಮೊನ್ನೆಯೇ ಒಬ್ಬರಿಗೆ ಹೇಳಿಯಾಗಿದೆ ಎಂದು ಅವರಿಗೆ ಆಗ ನೆನಪಾಯಿತು. ನಾವು ಬಸ್ಸು ಹತ್ತುವಾಗಲೂ ಬೋರ್ಡು ಅಲ್ಲೇ ಇತ್ತು. ಯಾವ ಪೈಕಿ ಎಂದು ಕೇಳದೆ ಕೀಲಿ ಕೊಡುವುದು ಸರಕಾರ ಒಂದೇ ಎಂದು ನಂಬಿ ಬಂದವರು ನಾವು. ಕೊಟ್ಟಿರಿ, ಸುಳ್ಳೇಕೆ ಹೇಳಲಿ. ಕೀಲಿ ಈಚೆ ದಡದಲ್ಲಿ ಕೊಟ್ಟು ಬಾಗಿಲನ್ನು ಆಚೆ ದಡದಲ್ಲಿ ಇಟ್ಟಿರಿ.

ಇನ್ನೊಂದು ಸಂಗತಿ ನೀವು ಬರೆಯದೆ ಬಿಟ್ಟಿದ್ದೀರಿ. ನಿಮ್ಮ ಕಚೇರಿಯ ಹಿಂದೆ, ಇದೇ ದಡದಲ್ಲಿ, ಮೂರು ಸರಕಾರಿ ಮನೆಗಳು ಬೀಗ ಹಾಕಿಕೊಂಡು ನಿಂತಿವೆ. ಮೇಲಿನವರು ಯಾರಾದರೂ ಬಂದರೆ ಇರಲಿ ಎಂದು ಕಾದಿಟ್ಟದ್ದಂತೆ. ಒಂದರ ಕಿಟಕಿಯಲ್ಲಿ ಹಣಿಕಿ ನೋಡಿದೆ. ಮುರುಕು ಕಪಾಟುಗಳು ಕುಟುಂಬ ಸಮೇತ ವಾಸವಾಗಿವೆ. ಅವುಗಳಿಗೂ ವರ್ಗಾವಣೆ ಆಗಿತ್ತೇ? ಅವು ಎಷ್ಟನೇ ಪುಟ ಓದಿ ಆ ಮನೆ ಬೇಡಿದವು?

ನನ್ನ ಬೇಡಿಕೆ ಎರಡು. ಹನ್ನೊಂದನೇ ಪುಟದ ಆರನ್ನು ಹೊಡೆದು ನಲವತ್ತಮೂರು ಎಂದು ಬರೆಯಿರಿ. ನಮ್ಮ ಹಿಂದೆ ಬರುವವರಾದರೂ ಮೋಸ ಹೋಗದಿರಲಿ. ಎರಡನೆಯದು, ಆ ಕಪಾಟುಗಳನ್ನು ಹೊರಗೆ ಹಾಕಿ ಸುಮನಳಿಗೆ ಆ ಮನೆ ಕೊಡಿ. ಅರ್ಜಿ ನಿಮ್ಮ ಮೇಜಿನ ಮೇಲಿದೆ. ಮೇ ಮೂವತ್ತೊಂದರವರೆಗೆ ಕಾಯುತ್ತೇವೆ.

ಕೊಡದಿದ್ದರೂ ಚಿಂತೆಯಿಲ್ಲ, ನಿಮ್ಮ ಮನೋಹರ ಊರಿಗೇ ಹೋಗುತ್ತೇವೆ. ಜೂನ್ ಒಂದರಿಂದ ಸುಮನಳ ಜೊತೆಗೆ ನಾನೂ ಯಶೋಧರಾಳೂ ಬೆಳಗಿನ ಮೊದಲ ಬಸ್ಸು ಹತ್ತುತ್ತೇವೆ. ಅವಳು ಆಸ್ಪತ್ರೆಗೆ ಹೋಗುತ್ತಾಳೆ, ನಾವಿಬ್ಬರೂ ನಿಮ್ಮ ಕಚೇರಿಯ ಪಡಸಾಲೆಗೆ ಬರುತ್ತೇವೆ. ಐದೂವರೆಗೆ ಅವಳು ಅಲ್ಲಿಗೇ ಬಂದು, ನಿಮ್ಮ ಬಾಗಿಲೆದುರು ಕೂತು, ಡಬ್ಬಿ ಬಿಚ್ಚಿ ಮಗಳಿಗೆ ಉಣಿಸುತ್ತಾಳೆ. ಆಮೇಲೆ ನಲವತ್ತಮೂರು ಕಿಲೋಮೀಟರು ನಿದ್ದೆ ಮಾಡಿಕೊಂಡು ಹೋಗುತ್ತೇವೆ. ಮೂರು ವರ್ಷದ ಕೂಸು, ಹಗಲೆಲ್ಲ ಸುಮ್ಮನೆ ಕೂರುವುದಿಲ್ಲ, ಅಳುತ್ತದೆ, ಓಡುತ್ತದೆ, ಕಡತ ಹರಿಯುತ್ತದೆ. ಹಿಡಿಯಲು ನನ್ನ ಮೊಣಕಾಲಿನಲ್ಲಿ ಶಕ್ತಿ ಇಲ್ಲ. ಅದನ್ನು ನೀವೇ ನೋಡಿಕೊಳ್ಳಬೇಕಾಗುತ್ತದೆ.

ಇಂತಿ,
ಈ ವಯಸ್ಸಿನಲ್ಲಿ ಸಮುದ್ರ ನೋಡಲು ಹೋಗಿ
ಬೀಗ ಹಾಕಿದ ಕಿಟಕಿ ನೋಡಿ ಬಂದ
ಗುಡ್ಡವ್ವ, ಮಮದಾಪುರ, ಗೋಕಾಕ ತಾಲೂಕು